ಆರ್ಕಿಟೆಕ್ಚರಲ್ ಎಂಜಿನಿಯರಿಂಗ್ ಅಂತ ಕೋರ್ಸ್ ನಮ್ಮಲ್ಲಿ ಉಂಟಾ? ಸಿವಿಲ್ ತೆಗೆದುಕೊಳ್ಳಲಾ, ಬಿಆರ್ಕ್ ಮಾಡಲಾ?

ಕಾಪು_ಕಡಲು:

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿಯಿತು, ಪಿಸಿಎಂಬಿ, ರಿಸಲ್ಟ್ ಇನ್ನೂ ಬಂದಿಲ್ಲ. ಊರು ಕಾಪು. ಸಿಇಟಿಗೆ ಅರ್ಜಿ ಹಾಕಿದ್ದೇನೆ. ಮುಂದೆ ಎಂತ ಅಂತ ಮನೆಯಲ್ಲಿ ದಿನಾ ಚರ್ಚೆ, ಮಂಡೆ ಬಿಸಿಯಾಗಿ ಇಲ್ಲಿ ಕೇಳುತ್ತಿದ್ದೇನೆ.

ಇದೆಲ್ಲ ಶುರುವಾದದ್ದು ನಮ್ಮ ಮನೆಯ ಒಂದು ಗೋಡೆಯಿಂದ. ಆರು ವರ್ಷದ ಹಿಂದೆ ಅಜ್ಜನ ಕಾಲದ ಹಂಚಿನ ಮನೆ ತೆಗೆದು ಆರ್‌ಸಿಸಿ ಮನೆ ಕಟ್ಟಿಸಿದೆವು. ಮೊದಲ ಮಳೆಗಾಲಕ್ಕೇ ಪಡು ಬದಿಯ ರೂಮಿನ ಗೋಡೆ ಕಿಟಕಿಯ ಮೇಲಿಂದ ಒದ್ದೆ. ಮೇಸ್ತ್ರಿಗೆ ಕೇಳಿದರೆ ಪ್ಲಾನೇ ಹಾಗೆ ಉಂಟು ಅಂದರು. ಪ್ಲಾನ್ ಮಾಡಿದವರು ಕಂಟ್ರಾಕ್ಟರ್ ಕೆಲಸ ಸರಿ ಮಾಡಲಿಲ್ಲ ಅಂದರು. ಕಂಟ್ರಾಕ್ಟರ್ ಪೈಂಟಿನವರನ್ನು ತೋರಿಸಿದರು. ಪೈಂಟಿನವರು ವಾಟರ್‌ಪ್ರೂಫ್ ಪೈಂಟ್ ಎರಡು ಸಲ ಬಳಿದು, ಎರಡು ಸಲ ದುಡ್ಡು ತೆಗೆದುಕೊಂಡು ಹೋದರು. ಕೊನೆಗೆ ಎಲ್ಲರ ಹಾಗೆ ನಾವೂ ತಾರಸಿ ಮೇಲೆ ಶೀಟ್ ಹಾಕಿಸಿದೆವು. ಆದರೂ ಜೂನ್ ಬಂತೆಂದರೆ ಆ ಗೋಡೆಗೆ ಬೂಷ್ಟು ಬರುತ್ತದೆ, ಅಮ್ಮ ಆ ರೂಮಿನ ಕಪಾಟಿನಲ್ಲಿ ಬಟ್ಟೆ ಇಡುವುದನ್ನೇ ಬಿಟ್ಟಿದ್ದಾರೆ.

ಇಷ್ಟು ಜನ ಸೇರಿ ಕಟ್ಟಿದ ಮನೆಗೆ ಉತ್ತರ ಕೊಡುವವರು ಒಬ್ಬರೂ ಇಲ್ಲವಲ್ಲ ಅಂತ ಹುಡುಕುತ್ತಾ ಹೋದಾಗ ‘ಆರ್ಕಿಟೆಕ್ಚರಲ್ ಎಂಜಿನಿಯರಿಂಗ್’ ಅನ್ನುವ ಹೆಸರು ಸಿಕ್ಕಿತು. ಕಟ್ಟಡದ ರೂಪವೂ ಗೊತ್ತಿರಬೇಕು, ಅದು ನಿಲ್ಲುವ ಲೆಕ್ಕವೂ ಗೊತ್ತಿರಬೇಕು, ನೀರು, ಗಾಳಿ, ಕರೆಂಟು ಎಲ್ಲವೂ ಗೊತ್ತಿರಬೇಕು ಅಂತ ಓದಿದೆ. ಇದೇ ನನಗೆ ಬೇಕಾದದ್ದು ಅನ್ನಿಸಿತು. ಆದರೆ ಇಲ್ಲಿ ಯಾರಿಗೆ ಕೇಳಿದರೂ ‘ಅದು ಸಿವಿಲ್ಲೇ, ಹೆಸರು ಮಾತ್ರ ಬೇರೆ’ ಅನ್ನುತ್ತಾರೆ. ಚಿಕ್ಕಪ್ಪ ‘ಆರ್ಕಿಟೆಕ್ಟ್ ಆಗು, ಹುಡುಗಿಯರಿಗೆ ಅದು ಒಳ್ಳೆಯದು’ ಅನ್ನುತ್ತಾರೆ. ಗಣಿತ ನನಗೆ ಇಷ್ಟ. ಚಿತ್ರ ಸುಮಾರಾಗಿ ಬಿಡಿಸುತ್ತೇನೆ, ಬಹುಮಾನ ಬರುವಷ್ಟೇನಿಲ್ಲ. ಈ ಕೆಲಸದಲ್ಲಿ ಇರುವವರು ಸ್ವಲ್ಪ ಹೇಳಿ.

---

ಕಲ್ಯಾಣಪುರ_ಮಾಮ:

ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳಿ. ಮನೆ ಸೋರಿದರೆ ಬೇರೆ ಮನೆ ತೆಗೆದುಕೊಳ್ಳಬಹುದು.

---

ಸ್ಲ್ಯಾಬ್_ಭಟ್ರು:

ಮಾಮ, ನಿಮ್ಮ ಮನೆ ಸೋರಿದಾಗ ನಮಗೆ ಫೋನ್ ಮಾಡಬೇಡಿ ಮತ್ತೆ.

ಕಾಪು_ಕಡಲು, ನಾನು ಮಂಗಳೂರಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್, ಅಂದರೆ ಕಟ್ಟಡ ನಿಲ್ಲುವ ಲೆಕ್ಕ ಹಾಕುವವನು, ಹದಿನಾಲ್ಕು ವರ್ಷ ಆಯ್ತು. ನಿಮ್ಮ ಪ್ರಶ್ನೆಗೆ ನೇರ ಉತ್ತರ ಏನೆಂದರೆ ನಮ್ಮ ಕಡೆಯ ಕಾಲೇಜುಗಳಲ್ಲಿ ಆ ಹೆಸರಿನ ಡಿಗ್ರಿ ಸಿಗುವುದಿಲ್ಲ. ಅಮೆರಿಕದಲ್ಲಿ ಉಂಟು. ಪೆನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಅದು ಐದು ವರ್ಷದ ಕೋರ್ಸು, ಸ್ಟ್ರಕ್ಚರ್, ಎಸಿ-ಮೆಕ್ಯಾನಿಕಲ್, ಲೈಟಿಂಗ್-ಎಲೆಕ್ಟ್ರಿಕಲ್, ಕನ್‌ಸ್ಟ್ರಕ್ಷನ್ ಅಂತ ನಾಲ್ಕು ದಾರಿ, ಕೊನೆಗೆ ಅದರಲ್ಲಿ ಒಂದನ್ನು ಆರಿಸಲೇಬೇಕು. ಅಂದರೆ ಹೆಸರು ಒಂದೇ ಆದರೂ ಅಲ್ಲಿಯೂ ಎಲ್ಲವನ್ನೂ ಒಬ್ಬರೇ ಮಾಡುವುದಿಲ್ಲ, ಇದನ್ನು ಮೊದಲು ತಲೆಯಲ್ಲಿ ಇಟ್ಟುಕೊಳ್ಳಿ.

ನಮ್ಮಲ್ಲಿ ಬಾಗಿಲು ಎರಡು. ಒಂದು ನಾಲ್ಕು ವರ್ಷದ ಬಿಇ ಸಿವಿಲ್, ಆಮೇಲೆ ಬೇಕಾದರೆ ಎರಡು ವರ್ಷದ ಎಂಟೆಕ್ ಸ್ಟ್ರಕ್ಚರಲ್. ಇನ್ನೊಂದು ಐದು ವರ್ಷದ ಬಿಆರ್ಕ್, ಅಂದರೆ ಆರ್ಕಿಟೆಕ್ಚರ್ ಡಿಗ್ರಿ. ಸಿವಿಲ್‌ಗೆ ಸಿಇಟಿ ಸಾಕು, ಸುರತ್ಕಲ್ ಎನ್‌ಐಟಿಕೆ ಬೇಕಾದರೆ ಜೆಇಇ ಮೇನ್ ಬರೆಯಬೇಕು. ಬಿಆರ್ಕ್‌ಗೆ ನಾಟಾ ಅನ್ನುವ ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆ ಬೇಕು. ಈ ಎರಡು ಬಾಗಿಲಿನ ನಡುವೆ ಆಮೇಲೆ ಓಡಾಡುವುದು ಕಷ್ಟ. ಬಿಆರ್ಕ್ ಮಾಡಿದವರಿಗೆ ಎಂಟೆಕ್ ಸ್ಟ್ರಕ್ಚರಲ್ ಸೀಟು ಸಾಮಾನ್ಯವಾಗಿ ಸಿಗುವುದಿಲ್ಲ, ಸಿವಿಲ್ ಮಾಡಿದವರಿಗೆ ಎಂಆರ್ಕ್ ಇಲ್ಲ. ಹಾಗಾಗಿ ಹದಿನೇಳು ಹದಿನೆಂಟನೇ ವಯಸ್ಸಿನಲ್ಲಿ ತೆಗೆದುಕೊಳ್ಳುವ ಈ ತೀರ್ಮಾನ ಸ್ವಲ್ಪ ದೊಡ್ಡದೇ.

ನನ್ನ ಮಾತು ಕೇಳುವುದಾದರೆ ಸಿವಿಲ್. ಯಾಕೆ ಅಂತ ಹೇಳುತ್ತೇನೆ. ನೀವು ಇರುವುದು ಕಾಪುವಿನಲ್ಲಿ. ಅಲ್ಲಿ ಕಟ್ಟಡದ ಶತ್ರು ಎರಡು, ಉಪ್ಪು ಗಾಳಿ ಮತ್ತು ಮಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಲೆಕ್ಕದಲ್ಲಿ ಸುರಿಯುವ ಮಳೆ, ಅದರಲ್ಲಿ ಹೆಚ್ಚಿನದ್ದು ನಾಲ್ಕೇ ತಿಂಗಳಲ್ಲಿ. ಉಪ್ಪು ಕಾಂಕ್ರೀಟಿನ ಒಳಗೆ ಇಳಿದು ಕಬ್ಬಿಣವನ್ನು ಮುಟ್ಟಿದರೆ ತುಕ್ಕು ಶುರು. ತುಕ್ಕಿಗೆ ಕಬ್ಬಿಣಕ್ಕಿಂತ ಎಷ್ಟೋ ಜಾಸ್ತಿ ಜಾಗ ಬೇಕು, ಒಳಗಿಂದಲೇ ಒತ್ತಿ ಸ್ಲ್ಯಾಬಿನ ಅಡಿಯ ಕಾಂಕ್ರೀಟನ್ನು ಉದುರಿಸುತ್ತದೆ. ಹಳೆ ಬಿಲ್ಡಿಂಗುಗಳ ಪಾರ್ಕಿಂಗಿನಲ್ಲಿ ತಲೆ ಎತ್ತಿ ನೋಡಿ, ಕಂದು ಬಣ್ಣದ ಕಬ್ಬಿಣ ಹೊರಗೆ ಇಣುಕುತ್ತಾ ಇರುತ್ತದೆ. ಕಡಲ ಗಾಳಿಗೆ ನೇರ ಒಡ್ಡಿದ ಆರ್‌ಸಿಸಿಗೆ ಐಎಸ್ 456 ಅನ್ನುವ ನಮ್ಮ ಕಾಂಕ್ರೀಟ್ ಕೋಡ್ ಹೇಳುವುದು ಕನಿಷ್ಠ ಎಂ30 ಕಾಂಕ್ರೀಟು (ಎಂ ಮುಂದಿನ ಅಂಕೆ ಹೆಚ್ಚಿದಷ್ಟು ಗಟ್ಟಿ), ಕಬ್ಬಿಣದ ಹೊರಗೆ 45 ಮಿಲಿಮೀಟರ್ ಕವರ್, ಅಂದರೆ ಕಬ್ಬಿಣವನ್ನು ಮುಚ್ಚುವ ಕಾಂಕ್ರೀಟಿನ ದಪ್ಪ. ನಮ್ಮ ಮನೆಗಳಲ್ಲಿ ಎಂ20, ಕವರ್ 20 ಮಿ.ಮೀ. ಸಿಕ್ಕಿದರೆ ಪುಣ್ಯ. ಎಷ್ಟೋ ಕಡೆ ಆ ಅಂತರ ಉಳಿಸಲು ಕಬ್ಬಿಣದ ಅಡಿಗೆ ಇಡುವ ಕವರ್ ಬ್ಲಾಕ್ ಬದಲಿಗೆ ಜಲ್ಲಿ ಚೂರು ಇಟ್ಟು ಕಾಂಕ್ರೀಟ್ ಹಾಕುತ್ತಾರೆ. ಕಟ್ಟಡದ ಆಯುಷ್ಯ ನಿರ್ಧಾರ ಆಗುವುದು ಆ ಎರಡು ಮೂರು ಸೆಂಟಿಮೀಟರಿನಲ್ಲಿ. ಅದನ್ನು ಸರಿ ಮಾಡುವ ಜನ ಇಲ್ಲಿ ಬೇಕು. ಎಲಿವೇಶನ್, ಅಂದರೆ ಮನೆಯ ಹೊರನೋಟ, ಚೆಂದ ಮಾಡುವವರು ಬೇಕಾದಷ್ಟು ಇದ್ದಾರೆ.

---

ಪೆನ್ಸಿಲ್_ಮಣಿಪಾಲ:

ಭಟ್ರೇ, ಕೊನೆಯ ಸಾಲು ನನಗೇ ಅಂತ ತಿಳಿದುಕೊಂಡು ಉತ್ತರ ಕೊಡುತ್ತೇನೆ :)

ನಾನು ಆರ್ಕಿಟೆಕ್ಟ್, ಒಂಬತ್ತು ವರ್ಷ ಆಯ್ತು. ತಂಗಿ, ನಿನ್ನ ಪೋಸ್ಟ್ ಎರಡು ಸಲ ಓದಿದೆ. ನೀನು ಸ್ಲ್ಯಾಬ್ ಬಿದ್ದುಹೋಯಿತು ಅಂತ ಬರೆಯಲಿಲ್ಲ, ಅಮ್ಮ ಕಪಾಟಿನಲ್ಲಿ ಬಟ್ಟೆ ಇಡುವುದಿಲ್ಲ ಅಂತ ಬರೆದಿದ್ದೀ. ಮನೆಯನ್ನು ಒಳಗೆ ಇರುವವರ ಕಡೆಯಿಂದ ನೋಡುವುದು ಆರ್ಕಿಟೆಕ್ಟಿನ ಕೆಲಸ. ಎಲಿವೇಶನ್ ಬಿಡಿಸುವುದಷ್ಟೇ ನಮ್ಮ ಕೆಲಸ ಅಂತ ಎಂಜಿನಿಯರುಗಳು ಹೇಳುತ್ತಾ ಬಂದಿದ್ದಾರೆ, ಕೆಲವು ಆರ್ಕಿಟೆಕ್ಟುಗಳೂ ಅದನ್ನೇ ನಂಬಿದ್ದಾರೆ, ಅದು ಬೇರೆ ಕಥೆ.

ನಿನ್ನ ಅಜ್ಜನ ಮನೆ ಸೋರುತ್ತಿತ್ತಾ? ಹಂಚು ಒಡೆದರೆ ಒಂದು ಹನಿ ಬೀಳುತ್ತಿತ್ತು, ಹಂಚು ಬದಲಿಸಿದರೆ ಮುಗಿಯಿತು. ಗೋಡೆ ಒದ್ದೆಯಾಗುತ್ತಿರಲಿಲ್ಲ. ಯಾಕೆಂದರೆ ಹಂಚಿನ ಮಾಡು, ಅಂದರೆ ಛಾವಣಿ, ಗೋಡೆಯಿಂದ ಎಷ್ಟೋ ಮುಂದೆ ಬಂದಿರುತ್ತಿತ್ತು, ಕೆಳಗೆ ಜಗಲಿ, ಮಳೆ ಗೋಡೆಯವರೆಗೆ ಬರುವುದೇ ಇಲ್ಲ. ಗೋಡೆ ಮುರಕಲ್ಲಿನದ್ದು (ಲ್ಯಾಟರೈಟ್), ಅದು ನೀರು ಕುಡಿಯುವ ಕಲ್ಲು, ಆ ಗುಣ ಗೊತ್ತಿದ್ದೇ ಅದನ್ನು ಮಾಡಿನ ಅಡಿಯಲ್ಲಿ ಒಣಗಿಸಿಟ್ಟರು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮುಳಿಹುಲ್ಲಿನ ಮಾಡು ಹೋಗಿ ಹಂಚು ಬಂತು, ಆದರೆ ಮಾಡಿನ ಇಳಿಜಾರು ಹೋಗಲಿಲ್ಲ. ಅದು ಹೋದದ್ದು ನಮ್ಮ ಅಪ್ಪಂದಿರ ಕಾಲದಲ್ಲಿ. ಬಯಲುಸೀಮೆಯ ಚಪ್ಪಟೆ ತಾರಸಿ ತಂದು ಕಡಲ ಬದಿಯಲ್ಲಿ ಕೂರಿಸಿ, ಸೋರಿದ ಮೇಲೆ ಅದರ ಮೇಲೊಂದು ಶೀಟಿನ ಮಾಡು ಹಾಕುತ್ತೇವೆ. ಮಾಡಿಗೆ ಎರಡು ಸಲ ದುಡ್ಡು! ಇದು ಲೆಕ್ಕದ ತಪ್ಪಲ್ಲ ಭಟ್ರೇ, ಡಿಸೈನಿನ ತಪ್ಪು. ಎಂ30 ಹಾಕಿದರೂ ಆ ಗೋಡೆ ಒದ್ದೆಯಾಗುತ್ತಿತ್ತು.

ಕೋರ್ಸಿನ ಬಗ್ಗೆ ಹೇಳುವುದಾದರೆ, ನಾಟಾ 200 ಅಂಕದ ಪರೀಕ್ಷೆ, ಅದರಲ್ಲಿ ಚಿತ್ರ ಬಿಡಿಸುವ ಭಾಗ 80. ಬಹುಮಾನ ಬರುವಷ್ಟು ಚಿತ್ರ ಬೇಕಿಲ್ಲ, ನೋಡಿದ್ದನ್ನು ಅಳತೆ ತಪ್ಪದೆ ಬಿಡಿಸಲು ಬಂದರೆ ಸಾಕು, ಅದು ಅಭ್ಯಾಸದಿಂದ ಬರುತ್ತದೆ. ದಿನಾ ಒಂದು ಬಿಡಿಸು. ಬಸ್‌ಸ್ಟ್ಯಾಂಡ್, ಕುರ್ಚಿ, ಕಾಪು ಲೈಟ್‌ಹೌಸ್ ಮೆಟ್ಟಿಲು, ಯಾವುದಾದರೂ ಆಯ್ತು. ಕರ್ನಾಟಕದ ಕೌನ್ಸೆಲಿಂಗಿನಲ್ಲಿ ನಾಟಾಕ್ಕೆ ಅರ್ಧ, ಪಿಯುಸಿಗೆ ಅರ್ಧ ತೂಕ ಇಟ್ಟು ರ‍್ಯಾಂಕ್ ಮಾಡುತ್ತಾರೆ, ನಾಟಾ ಅಂಕವನ್ನು ಸಿಇಟಿ ನಡೆಸುವ ಕೆಇಎಗೆ ಆಮೇಲೆ ನೀನೇ ಕೊಡಬೇಕು, ಆ ನೋಟಿಸ್ ಮಿಸ್ ಮಾಡಬೇಡ. ಮಣಿಪಾಲದಲ್ಲೇ ಕೋರ್ಸ್ ಉಂಟು, ಮನೆಯಿಂದ ಹೋಗಿ ಬರಬಹುದು, ಆದರೆ ಫೀಸ್ ನೋಡಿಕೊಂಡು ಮನೆಯವರ ಜತೆ ಕೂತು ಮಾತಾಡು.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. 1972ರ ಕಾಯ್ದೆ ಪ್ರಕಾರ ‘ಆರ್ಕಿಟೆಕ್ಟ್’ ಅಂತ ಬೋರ್ಡ್ ಹಾಕಲು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿರಬೇಕು. ಸಿವಿಲ್ ಮಾಡಿ ಹತ್ತು ವರ್ಷ ಡಿಸೈನ್ ಮಾಡಿದರೂ ಆ ಹೆಸರು ಹಾಕುವ ಹಾಗಿಲ್ಲ. ಆದರೆ ಕಾಯ್ದೆ ತಡೆಯುವುದು ಹೆಸರನ್ನು ಮಾತ್ರ, ಕೆಲಸವನ್ನಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗಾಗಿ ಸಿವಿಲ್‌ನವರು ಮನೆ ಪ್ಲಾನ್ ಮಾಡುವುದು ನಡೆಯುತ್ತಲೇ ಇರುತ್ತದೆ, ಮಾಡಲಿ, ಆದರೆ ಮಾಡುವವರು ಡಿಸೈನ್ ಕಲಿತು ಮಾಡಲಿ ಅಷ್ಟೇ.

ಸಂಬಳ? ನನ್ನ ಮೊದಲ ಸಂಬಳ ಹನ್ನೆರಡು ಸಾವಿರ. ಐದು ವರ್ಷ ಓದಿದ ಮೇಲೆ! ಅಮ್ಮನ ಹತ್ತಿರ ಸುಳ್ಳು ಹೇಳಿದ್ದೆ.

---

ಸ್ಲ್ಯಾಬ್_ಭಟ್ರು:

ಹನ್ನೆರಡು ಸಾವಿರದ ವಿಷಯ ಕೊನೆಗೆ ಹೇಳಿದಿರಲ್ಲ ಮೇಡಂ, ಅದನ್ನು ಮೊದಲೇ ಹೇಳಬೇಕಿತ್ತು. ಗೋಡೆಯ ಬಗ್ಗೆ ನೀವು ಹೇಳಿದ್ದು ಒಪ್ಪಿದೆ. ಆದರೆ ಮಾಡು ಮುಂದೆ ತಂದರೆ ಆ ಮಾಡನ್ನು ಹಿಡಿದು ನಿಲ್ಲಿಸುವವರು ನಾವೇ.

---

ಬಂಟ್ವಾಳ_ಟು_ದೋಹಾ:

ಇಬ್ಬರೂ ಜಗಳ ಮಾಡಿ, ನಾನು ಮಧ್ಯದಲ್ಲಿ ನುಗ್ಗುತ್ತೇನೆ. ನಾನು ಮೆಕ್ಯಾನಿಕಲ್. ಮೊದಲು ದುಬೈ, ಈಗ ದೋಹಾ, ಹನ್ನೊಂದು ವರ್ಷದಿಂದ ಎಂಇಪಿ. ಅಂದರೆ ಎಸಿ, ಕರೆಂಟು, ನೀರಿನ ಪೈಪು, ಬೆಂಕಿ ಆರಿಸುವ ವ್ಯವಸ್ಥೆ. ಕಟ್ಟಡದ ಹೊಟ್ಟೆಯೊಳಗಿನ ಕೆಲಸ. ಊರಿನಲ್ಲಿ ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ, ಎಲೆಕ್ಟ್ರೀಷಿಯನ್, ಪ್ಲಂಬರ್ ಬಂದು ಮಾಡಿ ಹೋಗುತ್ತಾರೆ ಅಂತ ಅಂದುಕೊಂಡಿರುತ್ತಾರೆ. ಆರ್ಕಿಟೆಕ್ಚರಲ್ ಎಂಜಿನಿಯರ್ ಅಂತ ಹೊರದೇಶದಲ್ಲಿ ಕರೆಯುವ ಎಷ್ಟೋ ಜನ ಮಾಡುವುದು ಈ ಕೆಲಸವನ್ನೇ.

ಊರಿನಲ್ಲಿ ಮೊದಲ ಎರಡು ವರ್ಷ ಕೆಲಸ ಮಾಡಿದಾಗ ಒಂದು ಹೋಟೆಲ್ ಪ್ರಾಜೆಕ್ಟ್. ಮಹಡಿಯಿಂದ ಮಹಡಿಗೆ 3 ಮೀಟರ್. ಸ್ಟ್ರಕ್ಚರ್‌ನವರು ಕಾರಿಡಾರಿಗೆ ಅಡ್ಡ 600 ಮಿ.ಮೀ. ಬೀಮ್ ಹಾಕಿದ್ದಾರೆ. ಅವರ ಲೆಕ್ಕ ಸರಿ. ಆರ್ಕಿಟೆಕ್ಟ್ ಕಾರಿಡಾರಿಗೆ ಚೆಂದದ ಫಾಲ್ಸ್ ಸೀಲಿಂಗ್ ಬಿಡಿಸಿದ್ದಾರೆ. ಅದೂ ಸರಿ. ನಾವು ಎಸಿ ಡಕ್ಟ್, ಅಂದರೆ ತಂಪು ಗಾಳಿ ಹೋಗುವ ಕೊಳವೆ, ಹಿಡಿದುಕೊಂಡು ಹೋದೆವು, ಇನ್ಸುಲೇಶನ್ ಸೇರಿ 350. ಈಗ ಕಳೆಯಿರಿ. ಬೀಮಿನ ಅಡಿಗೆ ಉಳಿದದ್ದು 2400, ಡಕ್ಟ್ ಹೋದ ಮೇಲೆ 2050, ಸೀಲಿಂಗಿನ ಫ್ರೇಮು ಲೈಟು ಎಲ್ಲ ಸೇರಿ ಇನ್ನೊಂದು 100 ಹೋಯಿತು. ಸ್ಟಾರ್ ಹೋಟೆಲಿನ ಕಾರಿಡಾರಿನಲ್ಲಿ ತಲೆ ಮೇಲೆ ಕೈ ಎತ್ತಿದರೆ ಸೀಲಿಂಗ್! ಸ್ಲ್ಯಾಬ್ ಆಗಲೇ ಹಾಕಿ ಆಗಿತ್ತು. ಮೂರೂ ಪಾರ್ಟಿ ಒಂದೇ ಟೇಬಲಿನಲ್ಲಿ ಕೂತದ್ದು ಅವತ್ತೇ ಮೊದಲು. ಕೊನೆಗೆ ಒಂದು ದೊಡ್ಡ ಡಕ್ಟ್ ತೆಗೆದು ಪ್ರತಿ ರೂಮಿಗೆ ಬೇರೆ ಯೂನಿಟ್ ಹಾಕಿ ಮುಗಿಸಿದೆವು, ಯಾರ ದುಡ್ಡಿನಲ್ಲಿ ಅಂತ ಕೇಳಬೇಡಿ.

ತಂಗಿ ಕೇಳುತ್ತಿರುವುದು ಈ ಟೇಬಲಿನ ಬಗ್ಗೆ. ಅಲ್ಲಿ ಕೂತು ಮೂವರ ಡ್ರಾಯಿಂಗೂ ಓದಲು ಬರುವ ಒಬ್ಬರು ಮೊದಲೇ ಇದ್ದಿದ್ದರೆ! ಈಗ ಇಲ್ಲಿ ಆ ಕೆಲಸಕ್ಕೆ ಪ್ರತ್ಯೇಕ ಜನ ಇದ್ದಾರೆ, ಬಿಐಎಂ ಕೋಆರ್ಡಿನೇಟರ್ ಅನ್ನುತ್ತಾರೆ. ಮೂರೂ ಕಡೆಯವರ ಮಾಡೆಲನ್ನು ರೆವಿಟ್‌ನಂಥ ಸಾಫ್ಟ್‌ವೇರಿನಲ್ಲಿ ಮಾಡಿ, ಒಂದರ ಮೇಲೊಂದು ಇಟ್ಟು, ಎಲ್ಲಿ ಪೈಪು ಬೀಮಿಗೆ ಡಿಕ್ಕಿ ಹೊಡೆಯುತ್ತದೆ ಅಂತ ಕಾಂಕ್ರೀಟ್ ಹಾಕುವ ಮೊದಲೇ ಹುಡುಕುವುದು. ಸಿವಿಲ್, ಆರ್ಕಿಟೆಕ್ಚರ್, ಮೆಕ್ಯಾನಿಕಲ್, ಯಾವುದರಿಂದಲೂ ಇಲ್ಲಿಗೆ ಬರಬಹುದು. ನಮ್ಮ ಟೀಮಿನಲ್ಲಿ ಮೂರೂ ಥರದವರು ಇದ್ದಾರೆ.

ಇನ್ನೊಂದು. ಬೆಂಗಳೂರಿನಲ್ಲಿ ಸಾಕಾಗುವ ಎಸಿ ಮಂಗಳೂರಿನಲ್ಲಿ ಸಾಕಾಗುವುದಿಲ್ಲ, ಗೊತ್ತಾ? ಬೆಂಗಳೂರು ಒಂಬೈನೂರು ಮೀಟರ್ ಎತ್ತರದಲ್ಲಿ, ಗಾಳಿ ಒಣ. ನಮ್ಮ ಗಾಳಿಯಲ್ಲಿ ನೀರು ತುಂಬಿಕೊಂಡಿರುತ್ತದೆ, ಎಸಿಯ ಶಕ್ತಿಯಲ್ಲಿ ಒಳ್ಳೆಯ ಪಾಲು ಆ ನೀರು ತೆಗೆಯಲಿಕ್ಕೇ ಹೋಗುತ್ತದೆ. ಅದರ ಮೇಲೆ ಪಡುವಣಕ್ಕೆ ಮುಖ ಮಾಡಿ ಪೂರ್ತಿ ಗಾಜು ಹಾಕುತ್ತಾರೆ, ಸಂಜೆ ಒಳಗೆ ಕೂತರೆ ಹಪ್ಪಳ ಆಗಬೇಕು. ಇಂಥದ್ದನ್ನು ಲೆಕ್ಕ ಹಾಕುವುದೇ ಒಂದು ವಿದ್ಯೆ. ಅಹಮದಾಬಾದಿನ ಸೆಪ್ಟ್ ಯೂನಿವರ್ಸಿಟಿಯಲ್ಲಿ ಕಟ್ಟಡದ ಎನರ್ಜಿಗೇ ಅಂತ ಎಂಟೆಕ್ ಉಂಟು. ದೆಹಲಿಯ ಎಸ್‌ಪಿಎಯಲ್ಲಿ (ಸ್ಕೂಲ್ ಆಫ್ ಪ್ಲಾನಿಂಗ್ ಆ್ಯಂಡ್ ಆರ್ಕಿಟೆಕ್ಚರ್) ಬಿಲ್ಡಿಂಗ್ ಎಂಜಿನಿಯರಿಂಗ್ ಆ್ಯಂಡ್ ಮ್ಯಾನೇಜ್‌ಮೆಂಟ್ ಮಾಸ್ಟರ್ಸ್ ಉಂಟು. ನಿನಗೆ ಬೇಕಾದ ಕೋರ್ಸು ನಮ್ಮ ದೇಶದಲ್ಲಿ ಪಿಯುಸಿ ಆದ ಕೂಡಲೇ ಸಿಗುವುದಿಲ್ಲ, ಡಿಗ್ರಿ ಆದ ಮೇಲೆ ಸಿಗುತ್ತದೆ. ಹಾಗಂತ ಇಟ್ಟುಕೋ.

ಬುರ್ಜ್ ಖಲೀಫಾ ನೋಡಿದವರೆಲ್ಲ ಫೋಟೊ ತೆಗೆದು ಹೋಗುತ್ತಾರೆ. 828 ಮೀಟರ್. ಅದರ ಆರ್ಕಿಟೆಕ್ಟ್ ಏಡ್ರಿಯನ್ ಸ್ಮಿತ್, ಸ್ಟ್ರಕ್ಚರಲ್ ಎಂಜಿನಿಯರ್ ಬಿಲ್ ಬೇಕರ್. ಮೇಲಿಂದ ನೋಡಿದರೆ ಮೂರು ರೆಕ್ಕೆ, ನಡುವೆ ಒಂದು ಗಟ್ಟಿ ಕಂಬದ ಹಾಗಿನ ಭಾಗ. ಒಂದೊಂದು ರೆಕ್ಕೆ ಉಳಿದ ಎರಡನ್ನು ಆತುಕೊಂಡು ನಿಂತಿದೆ. ಮೇಲೆ ಹೋಗುತ್ತಾ ರೆಕ್ಕೆಗಳು ಸಣ್ಣದಾಗುವುದು ಚೆಂದಕ್ಕೂ ಹೌದು, ಗಾಳಿ ಒಂದೇ ತಾಳದಲ್ಲಿ ಹೊಡೆಯಬಾರದು ಅನ್ನುವುದಕ್ಕೂ ಹೌದು. ಅದರಲ್ಲಿ ಯಾವುದು ಆರ್ಕಿಟೆಕ್ಚರ್, ಯಾವುದು ಎಂಜಿನಿಯರಿಂಗ್ ಅಂತ ಗೆರೆ ಎಳೆದು ತೋರಿಸಿ ನೋಡೋಣ.

---

ಪೆನ್ಸಿಲ್_ಮಣಿಪಾಲ:

ಇದಕ್ಕೆ ದುಬೈಗೆ ಹೋಗಬೇಕಿಲ್ಲ ಅಣ್ಣ. ದೆಹಲಿಯ ಪ್ರಗತಿ ಮೈದಾನದಲ್ಲಿ 1972ರಲ್ಲಿ ಹಾಲ್ ಆಫ್ ನೇಷನ್ಸ್ ಕಟ್ಟಿದ್ದರು. ಆರ್ಕಿಟೆಕ್ಟ್ ರಾಜ್ ರೇವಾಲ್, ಎಂಜಿನಿಯರ್ ಮಹೇಂದ್ರ ರಾಜ್. ಬೇರೆ ದೇಶದಲ್ಲಿ ಉಕ್ಕಿನಲ್ಲಿ ಮಾಡುವ ಬಲೆಯಂಥ ಛಾವಣಿಯನ್ನು ನಮ್ಮಲ್ಲಿ ಸ್ಥಳದಲ್ಲೇ ಕಾಂಕ್ರೀಟ್ ಹಾಕಿ ಮಾಡಿದರು. 2017ರಲ್ಲಿ ಒಂದು ರಾತ್ರಿ ಕೆಡವಿಬಿಟ್ಟರು. ಫೋಟೊ ಹುಡುಕಿ ನೋಡು ತಂಗಿ, ಆಮೇಲೆ ತೀರ್ಮಾನ ಮಾಡು.

---

ಮುರಕಲ್ಲು:

ದೊಡ್ಡವರು ಮಾತಾಡುತ್ತಿದ್ದೀರಿ, ನಾನು ಡಿಪ್ಲೊಮಾ. ಕದ್ರಿ ಕೆಪಿಟಿ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಮಾಡಿದ್ದು, ಈಗ ಸೈಟ್ ಸೂಪರ್‌ವೈಸರ್, ಇಪ್ಪತ್ತು ವರ್ಷದ ಮೇಲಾಯ್ತು. ನನ್ನ ಅಪ್ಪ ಮುರಕಲ್ಲು ಕಟ್ಟುವ ಮೇಸ್ತ್ರಿ.

ಬುರ್ಜ್ ಖಲೀಫಾ ಅಲ್ಲೇ ಇರಲಿ. ಹುಡುಗಿ ಒಂದು ತಿಂಗಳು ಸೈಟಿಗೆ ಬರಲಿ. ರಿಸಲ್ಟ್ ಬರುವವರೆಗೆ ಮನೆಯಲ್ಲಿ ಎಂತ ಮಾಡುವುದು? ಗೊತ್ತಿರುವ ಕಂಟ್ರಾಕ್ಟರ್ ಹತ್ತಿರ ಅಪ್ಪನಿಂದ ಹೇಳಿಸಿ, ಸುಮ್ನೆ ನಿಂತು ನೋಡಲಿ. ಕಬ್ಬಿಣ ಕಟ್ಟುವುದು, ಕಾಂಕ್ರೀಟಿಗೆ ಸೆಂಟ್ರಿಂಗ್ ಹಲಗೆ ಹೊಡೆಯುವುದು, ಕಾಂಕ್ರೀಟ್ ದಿನ ಸಂಜೆ ಐದಕ್ಕೆ ಮಿಕ್ಸರ್ ಹಾಳಾದರೆ ಎಲ್ಲರ ಮುಖ ಹೇಗಿರುತ್ತದೆ ಅಂತ ನೋಡಲಿ. ನನ್ನ ಹತ್ತಿರ ಬರುವ ಹೊಸ ಎಂಜಿನಿಯರುಗಳಿಗೆ ಸಾಫ್ಟ್‌ವೇರ್ ಎಲ್ಲ ಬರುತ್ತದೆ. ಕಾಂಕ್ರೀಟಿಗೆ ನೀರು ಜಾಸ್ತಿ ಆದದ್ದನ್ನು ಕಣ್ಣಲ್ಲಿ ನೋಡಿ ಹೇಳಲು ಬರುವುದಿಲ್ಲ. ಕೆಲಸದವರು ತಳ್ಳಲು ಸುಲಭ ಆಗಲಿ ಅಂತ ಪೈಪ್ ಬಿಡುತ್ತಾರೆ, ಇವರು ಮೊಬೈಲ್ ನೋಡುತ್ತಾ ನಿಂತಿರುತ್ತಾರೆ. ಭಟ್ರು ಹೇಳಿದ ಎಂ30 ಅಲ್ಲೇ ಎಂ20 ಆಗುವುದು.

ಭಟ್ರಿಗೂ ಒಂದು ಮಾತು. ಕವರ್ 45 ಅಂತ ಡ್ರಾಯಿಂಗಿನಲ್ಲಿ ಬರೆದರೆ ಆಗಲಿಲ್ಲ ಸಾರ್. ಕಾಂಕ್ರೀಟ್ ಹಾಕುವ ಮೊದಲು ಬಂದು ನೋಡುವವರು ಎಷ್ಟು ಜನ? ನಾನು ಫೋನ್ ಮಾಡಿದರೆ ‘ಫೋಟೊ ವಾಟ್ಸಾಪ್ ಮಾಡಿ’ ಅನ್ನುತ್ತಾರೆ. ಫೋಟೊದಲ್ಲಿ ಎಲ್ಲ ಕವರ್ ಬ್ಲಾಕೂ ಚೆಂದವೇ ಕಾಣುತ್ತದೆ.

ಮತ್ತೆ ಡಿಪ್ಲೊಮಾ ದಾರಿಯೂ ಉಂಟು ಅಂತ ಇಲ್ಲಿ ಓದುವ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಹೇಳಿಬಿಡುತ್ತೇನೆ. ಮೂರು ವರ್ಷ ಡಿಪ್ಲೊಮಾ, ಆಮೇಲೆ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಸೇರಬಹುದು. ನನಗೆ ಆಗ ಯಾರೂ ಹೇಳಲಿಲ್ಲ, ಹೇಳಿದ್ದರೂ ದುಡ್ಡು ಇರಲಿಲ್ಲ, ಅದು ಬಿಡಿ.

---

ಕಾಪು_ಕಡಲು:

ಇಷ್ಟು ಉದ್ದದ ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೂ ಓದಿ ಹೇಳಿದೆ. ಹನ್ನೆರಡು ಸಾವಿರದ ಸಾಲು ಬಂದಾಗ ಅಪ್ಪ ಟಿವಿಯ ವಾಲ್ಯೂಮ್ ಜಾಸ್ತಿ ಮಾಡಿದರು.

ಎರಡು ಪ್ರಶ್ನೆ ಉಳಿಯಿತು. ಮೊದಲನೆಯದು, ಸಿವಿಲ್ ತೆಗೆದುಕೊಂಡರೆ ಡಿಸೈನ್ ಕಲಿಯುವುದು ಎಲ್ಲಿ? ಎರಡನೆಯದು, ಹುಡುಗಿಯರಿಗೆ ಸೈಟಿನಲ್ಲಿ ಹೇಗೆ? ಚಿಕ್ಕಪ್ಪ ಆಫೀಸ್ ಕೆಲಸವೇ ಒಳ್ಳೆಯದು ಅನ್ನುತ್ತಿದ್ದಾರೆ.

---

ಪೆನ್ಸಿಲ್_ಮಣಿಪಾಲ:

ಎರಡನೆಯದಕ್ಕೆ ಮೊದಲು ಉತ್ತರ. ಮೊದಲ ಆರು ತಿಂಗಳು ಎಲ್ಲರೂ ನಿನ್ನ ಹಿಂದೆ ನಿಂತ ಗಂಡಸಿನ ಹತ್ತಿರ ಮಾತಾಡುತ್ತಾರೆ, ಅವನು ಡ್ರೈವರ್ ಆಗಿದ್ದರೂ ಸರಿ. ನನಗೆ ಹಾಗೇ ಆಗಿದೆ. ಒಂದು ಸಲ ಮೆಟ್ಟಿಲಿನ ಲೆಕ್ಕ ತಪ್ಪಿದ್ದನ್ನು ಸೆಂಟ್ರಿಂಗ್ ಹಂತದಲ್ಲೇ ಹಿಡಿದೆ, ಕೊನೆಯ ಮೆಟ್ಟಿಲು ಉಳಿದದ್ದಕ್ಕಿಂತ ಎರಡು ಇಂಚು ಎತ್ತರ ಬರುತ್ತಿತ್ತು. ಅವತ್ತಿನಿಂದ ಆ ಮೇಸ್ತ್ರಿ ಮೊದಲು ನನಗೇ ಫೋನ್ ಮಾಡುತ್ತಾರೆ. ಕಷ್ಟದ್ದು ಬೇರೆಯೇ ಉಂಟು, ಸೈಟಿನಲ್ಲಿ ಟಾಯ್ಲೆಟ್. ಎಷ್ಟೋ ಕಡೆ ಇರುವುದಿಲ್ಲ. ನಾನೀಗ ಕೆಲಸ ಶುರುವಾಗುವ ಮೊದಲೇ ಅದನ್ನು ಕೇಳಿಬಿಡುತ್ತೇನೆ. ಅಲ್ಲಿ ಕೆಲಸ ಮಾಡುವ ಹೆಂಗಸರಿಗೂ ಬೇಕಲ್ಲ? ಚಿಕ್ಕಪ್ಪನಿಗೆ ಹೇಳು, ಸೈಟಿಗೆ ಹೋಗದ ಆರ್ಕಿಟೆಕ್ಟ್ ಚಿತ್ರಗಾರ್ತಿ ಅಷ್ಟೇ.

---

ಸ್ಲ್ಯಾಬ್_ಭಟ್ರು:

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಸಿವಿಲ್ ಕೋರ್ಸಿನಲ್ಲಿ ಬಿಲ್ಡಿಂಗ್ ಡ್ರಾಯಿಂಗ್ ಅಂತ ಬರುತ್ತದೆ, ಡಿಸೈನ್ ಅಂತ ನಿಜವಾಗಿ ಏನೂ ಇಲ್ಲ, ಒಪ್ಪಿಕೊಳ್ಳುತ್ತೇನೆ. ರಸ್ತೆ, ನೀರು, ಮಣ್ಣು, ಚರಂಡಿ, ಸರ್ವೆ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಓದಬೇಕು, ಕಟ್ಟಡ ಅದರಲ್ಲಿ ಒಂದು ಭಾಗ ಅಷ್ಟೇ. ನಿಮಗೆ ಕಟ್ಟಡ ಮಾತ್ರ ಇಷ್ಟ ಅಂತಾದರೆ ಎರಡನೇ ವರ್ಷದಲ್ಲಿ ಬೋರ್ ಹೊಡೆಯುತ್ತದೆ. ಬಿಆರ್ಕ್‌ನಲ್ಲಿ ಹತ್ತು ಸೆಮಿಸ್ಟರಿನಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಆಫೀಸಿನಲ್ಲಿ ಟ್ರೇನಿಂಗ್, ಅದು ನಮಗೆ ಇಲ್ಲದ ಲಾಭ. ಸ್ಟ್ರಕ್ಚರ್ ಅವರಿಗೂ ಪಾಠ ಉಂಟು, ಆದರೆ ಡಿಸೈನಿನ ಗಡಿಬಿಡಿಯಲ್ಲಿ ಮಕ್ಕಳು ಅದನ್ನು ಪಾಸಾಗಲು ಮಾತ್ರ ಓದುತ್ತಾರೆ.

ಈ ಎರಡು ದಿನ ಯೋಚಿಸಿದೆ, ಮೊದಲು ಹೇಳಿದ್ದನ್ನು ಸ್ವಲ್ಪ ಬದಲಿಸುತ್ತೇನೆ. ಮನೆ ಸೋರಿದ ದಿನ ಫೋನ್ ಯಾರಿಗೆ ಬರಬೇಕು ಅಂತ ನಿಮಗೆ ಆಸೆ? ಬಿರುಕು ಬಿಟ್ಟಾಗ ಫೋನ್ ನಿಮಗೆ ಬರಬೇಕಾ, ಸಿವಿಲ್. ಮನೆ ಸೆಕೆ, ಕತ್ತಲೆ, ಬೂಷ್ಟು ಅಂದಾಗ ಬರಬೇಕಾ, ಬಿಆರ್ಕ್ ಮಾಡಿ ಆಮೇಲೆ ದೋಹಾದವರು ಹೇಳಿದ ಕಡೆ ಹೋಗಿ. ನಿಮ್ಮ ಪೋಸ್ಟ್ ನೋಡಿದರೆ ಎರಡನೆಯದೇ ಅನ್ನಿಸುತ್ತದೆ. ಮೇಡಂ ಗೆದ್ದರು ಅಂತ ಕುಣಿಯಬೇಡಿ.

---

ಪೆನ್ಸಿಲ್_ಮಣಿಪಾಲ:

ಕುಣಿದಾಯ್ತು.

---

ಬಂಟ್ವಾಳ_ಟು_ದೋಹಾ:

ದುಡ್ಡಿನ ವಿಷಯ ಒಂದು ಸೇರಿಸುತ್ತೇನೆ, ಅಪ್ಪ ಟಿವಿ ವಾಲ್ಯೂಮ್ ಕಮ್ಮಿ ಮಾಡಲಿ. ಶುರುವಿನ ಸಂಬಳ ಮೂರೂ ದಾರಿಯಲ್ಲಿ ಕಮ್ಮಿಯೇ. ಗಲ್ಫಿಗೆ ಬರುವ ಆಲೋಚನೆ ಉಂಟಾದರೆ ಸರ್ಟಿಫಿಕೇಟ್ ಎಲ್ಲ ಅಟೆಸ್ಟ್ ಮಾಡಿಸಿ ಇಡಬೇಕು. ಸೌದಿಯಲ್ಲಂತೂ ಎಂಜಿನಿಯರ್ ಅಂತ ಕೆಲಸ ಮಾಡಲು ಅವರ ಎಂಜಿನಿಯರುಗಳ ಕೌನ್ಸಿಲಿನಲ್ಲಿ ನೋಂದಣಿ ಬೇಕು. ದೂರಶಿಕ್ಷಣದ ಡಿಗ್ರಿ ತಂದು ಇಲ್ಲಿ ಒದ್ದಾಡುವವರನ್ನು ನೋಡಿದ್ದೇನೆ. ರೆಗ್ಯುಲರ್ ಕಾಲೇಜಿಗೇ ಹೋಗು.

---

ಕಾಪು_ಕಡಲು:

ತುಂಬ ದಿನ ಆಯ್ತು, ಅಪ್‌ಡೇಟ್ ಹಾಕುತ್ತಿದ್ದೇನೆ. ಮುರಕಲ್ಲು ಅಣ್ಣ ಹೇಳಿದ ಹಾಗೆ ಸೈಟಿಗೆ ಹೋದೆ. ಅಪ್ಪನ ಪರಿಚಯದವರದ್ದು, ಉದ್ಯಾವರದ ಹತ್ತಿರ ಒಂದು ಮನೆ. ಇಪ್ಪತ್ತೆರಡು ದಿನ. ಮೊದಲ ನಾಲ್ಕು ದಿನ ಕುರ್ಚಿ ಕೊಟ್ಟು ಕೂರಿಸಿದರು, ಐದನೇ ದಿನ ಕುರ್ಚಿ ಬೇಡ ಅಂದೆ. ಬೀಮಿಗೆ ಕವರ್ ಬ್ಲಾಕ್ ಇಡುವುದನ್ನು ಸ್ಕೇಲ್ ಹಿಡಿದು ಅಳೆದೆ, ಒಂದು ಬದಿಯಲ್ಲಿ 40 ಇತ್ತು, ಇನ್ನೊಂದು ಬದಿಯಲ್ಲಿ ಕಬ್ಬಿಣ ಹಲಗೆಗೆ ತಾಗಿಕೊಂಡೇ ಇತ್ತು. ಹೇಳಿದೆ. ಬಾರ್ ಬೆಂಡಿಂಗ್ ಮಾಡುವ ಅಣ್ಣ ನಗಾಡಿದ, ಆದರೆ ಸರಿ ಮಾಡಿದ.

ನಾಟಾ ಬರೆದೆ. ಚಿತ್ರದ ಭಾಗ ಪರವಾಗಿಲ್ಲ. ಪಿಯುಸಿಯಲ್ಲಿ ಗಣಿತ 96. ಕೌನ್ಸೆಲಿಂಗಿಗೆ ಬಿಆರ್ಕ್ ಮೊದಲು, ಸಿವಿಲ್ ಆಮೇಲೆ ಅಂತ ಲಿಸ್ಟ್ ಮಾಡಿದ್ದೇನೆ. ಅಪ್ಪ ಫೀಸ್ ಲೆಕ್ಕ ಹಾಕುತ್ತಿದ್ದಾರೆ, ಇನ್ನೂ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ.

ಮೊನ್ನೆಯಿಂದ ಮಳೆ ಹಿಡಿಯಿತು. ಗೋಡೆ ಮತ್ತೆ ಒದ್ದೆ.

---

ಮುರಕಲ್ಲು:

ಭೇಷ್. ಆ ಗೋಡೆಯ ವಿಷಯ ಯಾರೂ ಸರಿಯಾಗಿ ಕೇಳಲೇ ಇಲ್ಲ ಅಲ್ವಾ, ಎಲ್ಲರೂ ಕೋರ್ಸ್ ಕೋರ್ಸ್ ಅಂತ ಹೋದರು. ಒದ್ದೆ ಶುರುವಾಗುವುದು ಕಿಟಕಿಯ ಮೇಲಿಂದ ಅಂದೆಯಲ್ಲ? ಹೊರಗೆ ಹೋಗಿ ಕಿಟಕಿಯ ಸನ್‌ಶೇಡಿನ ಅಡಿ ನೋಡು. ತುದಿಯಿಂದ ಒಂದೆರಡು ಇಂಚು ಒಳಗೆ, ಉದ್ದಕ್ಕೆ ಬೆರಳು ಹೋಗುವಷ್ಟು ಗೀರು ಉಂಟಾ? ಆಮೇಲೆ ಸನ್‌ಶೇಡಿನ ಮೇಲೆ ನೀರು ಹಾಕಿ ನೋಡು, ಹೊರಗೆ ಹರಿಯುತ್ತದಾ, ಗೋಡೆ ಕಡೆಗಾ?

---

ಕಾಪು_ಕಡಲು:

ಕೊಡೆ ಹಿಡಿದು ಏಣಿ ಇಟ್ಟು ನೋಡಿದೆ. ಗೀರು ಇಲ್ಲ, ಅಡಿ ಪೂರ್ತಿ ನುಣ್ಣಗೆ ಸಾರಣೆ ಮಾಡಿದ್ದಾರೆ. ನೀರು ತುದಿಯಿಂದ ಕೆಳಗೆ ಬೀಳುವುದಿಲ್ಲ, ಸನ್‌ಶೇಡಿನ ಅಡಿಗೇ ಅಂಟಿಕೊಂಡು ಹಿಂದೆ ಗೋಡೆಗೆ ಬರುತ್ತಿದೆ, ನನ್ನ ಕಣ್ಣೆದುರೇ. ಮೇಲೆ ಒಂದು ಚೆಂಬು ನೀರು ಹಾಕಿದೆ, ಅದು ಹೊರಗೆ ಹೋಗಲೇ ಇಲ್ಲ, ಗೋಡೆಯ ಮೂಲೆಯಲ್ಲಿ ನಿಂತಿತು.

---

ಮುರಕಲ್ಲು:

ಅದೇ. ಆ ಗೀರು ಇದ್ದರೆ ನೀರು ಅಲ್ಲಿ ಮುರಿದು ಹನಿಯಾಗಿ ಬೀಳುತ್ತದೆ, ದಾಟಿ ಒಳಗೆ ಬರುವುದಿಲ್ಲ. ಮಳೆ ಬಿಟ್ಟ ಮೇಲೆ ಸನ್‌ಶೇಡಿನ ಮೇಲೆ ಹೊರಗೆ ಇಳಿಜಾರಾಗುವ ಹಾಗೆ ಸಾರಣೆ ಮಾಡಿಸು, ಗೋಡೆ ಸೇರುವ ಮೂಲೆಗೆ ಸಿಮೆಂಟಿನಲ್ಲಿ ಉರುಟು ಮಾಡಿಸು, ಅಡಿಯಲ್ಲಿ ತುದಿಗೆ ಕಟ್ಟರ್ ಹಿಡಿದು ಗೀರು ಹೊಡೆಸು. ಅರ್ಧ ದಿನದ ಕೆಲಸ. ಈಗಿಂದೀಗ ಬೇಕಾದರೆ ಅಡಿಯ ತುದಿಗೆ ಒಂದು ಅಲ್ಯುಮಿನಿಯಂ ಪಟ್ಟಿ ಅಂಟಿಸು, ಅದೂ ನಡೆಯುತ್ತದೆ.

---

ಪೆನ್ಸಿಲ್_ಮಣಿಪಾಲ:

ಮೂರು ಡಿಗ್ರಿಯವರು ಸೇರಿ ಎರಡು ಸಾವಿರ ಪದ ಬರೆದೆವು. ಯಾರಿಗೂ ಸನ್‌ಶೇಡ್ ನೆನಪಾಗಲಿಲ್ಲ.

---

ಸ್ಲ್ಯಾಬ್_ಭಟ್ರು:

ಸನ್‌ಶೇಡ್ ಯಾರ ಡ್ರಾಯಿಂಗಿನಲ್ಲಿ ಬರುತ್ತದೆ ಮೇಡಂ?

---

ಕಾಪು_ಕಡಲು:

ಅಪ್ಪ ಪಟ್ಟಿ ತರಲು ಕಟಪಾಡಿಗೆ ಹೋಗಿದ್ದಾರೆ. ಹೋಗುವಾಗ ‘ಮಣಿಪಾಲದ ಫೀಸು ಒಂದೇ ಸಲ ಕಟ್ಟಬೇಕಾ, ವರ್ಷ ವರ್ಷ ಕಟ್ಟಬಹುದಾ’ ಅಂತ ಕೇಳಿದರು.